ಕೈಯ ತಪ್ಪೋ, ಮೌಸಿನ ತಪ್ಪೋ?

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವವರು ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವರು. ನಾದ ಸರಿಯಾಗಿದ್ದರೆ ಕೊಳ್ಳುವರು; ಒಡಕು ಸದ್ದು ಬಂದರೆ ಕೆಳಗಿಡುವರು. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುವರು. ಇವೆರಡೂ ಪರೀಕ್ಷೆಗಳೇ, ಇವುಗಳ ಹಿಂದೆ ಭೌತವಿಜ್ಞಾನವೂ ಉಂಟು. ಆದರೆ ಅದೇ ಜನರು ಕಂಪ್ಯೂಟರಿಗಾಗಿ ಒಂದು ಮೌಸನ್ನು ಕೊಳ್ಳುವಾಗ ಡಬ್ಬಿಯ ಮೇಲೆ ಅಚ್ಚಾದ ದೊಡ್ಡ ಅಂಕಿಯೊಂದನ್ನು ಓದಿ ಹಣ ಕೊಟ್ಟುಬಿಡುವರು. ಇದನ್ನು ತಟ್ಟಿ ನೋಡುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕಳೆದ ವರ್ಷ ನಮ್ಮ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಅಂತಹ ಒಂದು ಮೌಸನ್ನು ಪ್ರಯೋಗಶಾಲೆಗೆ ತಂದನು. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಐನೂರು ರೂಪಾಯಿಗಳಿಂದ ಅದನ್ನು ಕೊಂಡಿದ್ದನು. ಗೆಳೆಯರೊಡನೆ ಗುರಿಯಿಟ್ಟು ಹೊಡೆಯುವ ಆಟವನ್ನಾಡುವಾಗ ಅವನ ಗುರಿ ಪದೇ ಪದೇ ತಪ್ಪುತ್ತಿತ್ತು. ಕಾಲೇಜುಗಳ ನಡುವಣ ಪಂದ್ಯಕ್ಕೆ ತಂಡವನ್ನು ಆರಿಸುವ ದಿನ ಹತ್ತಿರವಾಗಿತ್ತು. “ಸಾರ್, ನನ್ನ ಕೈಯೇ ಸರಿಯಿಲ್ಲವೇನೋ. ಹೆಸರನ್ನು ಹಿಂದಕ್ಕೆ ತೆಗೆದುಕೊಂಡುಬಿಡೋಣ ಎಂದುಕೊಂಡಿದ್ದೇನೆ” ಎಂದನು.

ನಾವು ಆಟಗಾರರಲ್ಲ. ಆದರೆ ಉಪಕರಣವನ್ನು ಪರೀಕ್ಷಿಸದೆ ವೀಕ್ಷಕನನ್ನು ದೂರಬಾರದೆಂಬ ಪಾಠವನ್ನು ಪ್ರತಿ ವರ್ಷವೂ ಕಲಿಸುವವರು. ಮೌಸ್ ಒಂದು ಅಳತೆಯ ಉಪಕರಣ. ಕೈ ಎಷ್ಟು ದೂರ, ಯಾವ ದಿಕ್ಕಿಗೆ ಚಲಿಸಿತೆಂಬುದನ್ನು ಅಳೆದು ಕಂಪ್ಯೂಟರಿಗೆ ವರದಿ ಮಾಡುವುದೇ ಅದರ ಕೆಲಸ. ವರ್ನಿಯರ್ ಕ್ಯಾಲಿಪರಿನ ಶೂನ್ಯದೋಷವನ್ನು ಮೊದಲು ನೋಡಿಕೊಳ್ಳುವಂತೆ ಇದರ ದೋಷಗಳನ್ನೂ ನೋಡಿಕೊಳ್ಳಬಹುದಲ್ಲವೆ? ಒಂದು ಅಳತೆಗೋಲು, ಒಂದು ಹಾಳೆ ಕಾಗದ, ಒಂದು ಮೊಬೈಲ್ ಫೋನು ಇವಿಷ್ಟರಿಂದಲೇ ನಾವು ಆ ಕೆಲಸವನ್ನು ಮಾಡಿದೆವು. ವಾಚಕರೂ ತಮ್ಮ ಮನೆಯಲ್ಲಿ ಮಾಡಿ ನೋಡಬಹುದೆಂದು ಅದರ ವಿವರವನ್ನು ಇಲ್ಲಿ ಕೊಡುತ್ತಿದ್ದೇವೆ.

ಮೌಸ್ ನೋಡುವ ಬಗೆ

ಮೊದಲ ಮೌಸ್ ೧೯೬೪ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾಯಿತು. ಡಗ್ಲಸ್ ಎಂಗೆಲ್‌ಬಾರ್ಟರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಇಂಜಿನಿಯರು ಅದನ್ನು ನಿರ್ಮಿಸಿದರು. ಅದೊಂದು ಮರದ ಪುಟ್ಟ ಪೆಟ್ಟಿಗೆ. ಅಡಿಯಲ್ಲಿ ಒಂದಕ್ಕೊಂದು ಲಂಬವಾಗಿ ನಿಲ್ಲಿಸಿದ ಎರಡು ಚಕ್ರಗಳು. ಒಂದು ಚಕ್ರ ಅಡ್ಡ ಚಲನೆಯನ್ನೂ ಇನ್ನೊಂದು ನೀಟ ಚಲನೆಯನ್ನೂ ಅಳೆಯುತ್ತಿದ್ದುವು. ಅನಂತರ ಚಕ್ರಗಳ ಬದಲು ಉರುಳುವ ಗುಂಡು ಬಂದಿತು. ೧೯೯೯ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಎಂಬ ಮೌಸಿನಲ್ಲಿ ಗುಂಡೂ ಇರಲಿಲ್ಲ. ಅದರ ಸ್ಥಾನದಲ್ಲಿ ಬೆಳಕೂ ಕಣ್ಣೂ ಇದ್ದುವು. ಇಂದಿನ ಅಗ್ಗದ ಮೌಸ್‌ಗಳು ಕೆಲಸ ಮಾಡುವುದು ಈ ತತ್ತ್ವದಿಂದಲೇ.

ಮೌಸನ್ನು ತಿರುಗಿಸಿ ಹಿಡಿದರೆ ಅಡಿಯಲ್ಲಿ ಒಂದು ಕಿಂಡಿ ಕಾಣುವುದು. ಒಳಗಿನ ಚಿಕ್ಕ ದೀಪ ಮೇಜಿನ ಮೇಲ್ಮೈಯನ್ನು ಓರೆಯಾಗಿ ಬೆಳಗುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ನೆಲದ ಸಣ್ಣ ಕಲ್ಲಿಗೂ ಉದ್ದ ನೆರಳು ಬೀಳುವಂತೆ, ಕಾಗದದ ನಾರುಗಳಿಗೂ ಬಟ್ಟೆಯ ಎಳೆಗಳಿಗೂ ನೆರಳುಗಳು ಉಂಟಾಗುವುವು. ಒಂದು ಮಸೂರ ಈ ನೆರಳು ಬೆಳಕುಗಳ ಬಿಂಬವನ್ನು ಸಂವೇದಕದ ಮೇಲೆ ಮೂಡಿಸುವುದು. ಸಂವೇದಕವು ಒಂದು ಪುಟಾಣಿ ಕ್ಯಾಮೆರಾ. ಆರಂಭದ ಸಂವೇದಕವೊಂದರಲ್ಲಿ ೧೬ ಸಾಲು, ಸಾಲಿಗೆ ೧೬ ಚೌಕಗಳಂತೆ ಒಟ್ಟು ೨೫೬ ಚೌಕಗಳಷ್ಟೇ ಇದ್ದುವು. ಅದು ಸೆಕೆಂಡಿಗೆ ೧,೫೦೦ ಚಿತ್ರಗಳನ್ನು ತೆಗೆಯುತ್ತಿತ್ತು.

ಈ ಚಿತ್ರಗಳಿಂದ ಚಲನೆ ತಿಳಿಯುವುದು ಹೇಗೆ? ಹಳೆಯ ಬಸ್ಸೊಂದರ ನೆಲದಲ್ಲಿ ಅಂಗೈಯಗಲದ ತೂತು ಇದೆಯೆಂದು ಭಾವಿಸೋಣ. ಬಸ್ಸು ನಿಧಾನವಾಗಿ ಹೋಗುವಾಗ ಆ ತೂತಿನಲ್ಲಿ ಒಂದು ಬಿಳಿಯ ಕಲ್ಲು ಮುಂದಿನ ಅಂಚಿನಲ್ಲಿ ಕಾಣಿಸಿಕೊಂಡು, ನಡುವಿಗೆ ಬಂದು, ಹಿಂದಿನ ಅಂಚಿನಲ್ಲಿ ಮರೆಯಾಗುವುದು. ಕಲ್ಲು ಎಷ್ಟು ಸರಿಯಿತೆಂಬುದರಿಂದ ಬಸ್ಸು ಎಷ್ಟು ಮುಂದೆ ಹೋಯಿತೆಂದು ಹೇಳಬಹುದು. ಮೌಸ್ ಮಾಡುವುದೂ ಇದನ್ನೇ. ಹಿಂದಿನ ಚಿತ್ರವನ್ನು ಈಗಿನ ಚಿತ್ರದ ಮೇಲಿಟ್ಟು, ಎಷ್ಟು ಜರುಗಿಸಿದರೆ ಎರಡೂ ಹೊಂದುವುವೆಂದು ಲೆಕ್ಕ ಹಾಕಿ, ಆ ಸರಿತವನ್ನು ಎಣಿಕೆಗಳಾಗಿ ಕಂಪ್ಯೂಟರಿಗೆ ಕಳುಹಿಸುವುದು.

ಬಸ್ಸು ವೇಗವಾಗಿ ಓಡಿದರೇನಾಗುವುದು? ಒಂದು ಸಲ ಕಣ್ಣು ಮಿಟುಕಿಸುವುದರೊಳಗೆ ಬಿಳಿಯ ಕಲ್ಲು ತೂತನ್ನು ದಾಟಿಯೇ ಹೋಗಿರುವುದು. ಎಷ್ಟು ದೂರ ಬಂದೆವೆಂದು ಹೇಳಲಾಗದು. ಮೌಸಿಗೂ ಇಂತಹ ವೇಗದ ಮಿತಿಯಿದೆ. ಸಂವೇದಕಕ್ಕೆ ಕಾಣುವ ಜಾಗ ೧ ಮಿಲಿಮೀಟರ್ ಅಗಲವೆಂದೂ, ಎರಡು ಚಿತ್ರಗಳ ನಡುವಣ ಸರಿತ ಕಾಲು ಮಿಲಿಮೀಟರನ್ನು ಮೀರಿದರೆ ಹೋಲಿಕೆ ಸಿಕ್ಕದೆಂದೂ ಇಟ್ಟುಕೊಳ್ಳೋಣ. ಸೆಕೆಂಡಿಗೆ ೧,೫೦೦ ಚಿತ್ರಗಳಾದರೆ ಮಿತಿ ೦.೨೫ × ೧,೫೦೦ = ೩೭೫ ಮಿಲಿಮೀಟರ್. ಕಚೇರಿಯ ಕೆಲಸಕ್ಕೆ ಈ ವೇಗ ಸಾಕು. ಆಟದಲ್ಲಿ, ಬೆನ್ನ ಹಿಂದೆ ಬಂದ ಎದುರಾಳಿಯ ಕಡೆಗೆ ಸರ್ರನೆ ತಿರುಗಬೇಕಾದಾಗ, ಸಾಲದು. ಆಟದ ಮೌಸನ್ನು ಅಳೆಯುವಾಗ ನೋಡಬೇಕಾದ ಮುಖ್ಯ ಗುಣ ಇದೇ.

ಅಳತೆಗೋಲಿನ ಪರೀಕ್ಷೆ

ನಮ್ಮ ವಿದ್ಯಾರ್ಥಿಯ ಮೌಸಿನ ಡಬ್ಬಿಯ ಮೇಲೆ ‘೬೪೦೦ ಡಿ.ಪಿ.ಐ.’ ಎಂದು ಅಚ್ಚಾಗಿತ್ತು. ಮೌಸ್ ಒಂದು ಇಂಚು ಚಲಿಸಿದಾಗ ಎಷ್ಟು ಎಣಿಕೆಗಳನ್ನು ಕಳುಹಿಸುವುದೆಂಬುದೇ ಈ ಅಂಕಿಯ ಅರ್ಥ. ೮೦೦ ಎಂದರೆ ಒಂದು ಎಣಿಕೆಗೆ ಸುಮಾರು ೦.೦೩೨ ಮಿಲಿಮೀಟರ್, ೬೪೦೦ ಎಂದರೆ ೦.೦೦೪ ಮಿಲಿಮೀಟರ್. ಮೌಸಿನ ಮೇಲಿನ ಗುಂಡಿಯನ್ನು ಒತ್ತಿ ಈ ಅಂಕಿಯನ್ನು ೮೦೦, ೧೬೦೦, ೩೨೦೦, ೬೪೦೦ ಎಂದು ಬದಲಿಸಬಹುದಾಗಿತ್ತು.

ಮೊದಲು ೮೦೦ನ್ನು ಪರೀಕ್ಷಿಸಿದೆವು. ವಿಂಡೋಸ್ ವ್ಯವಸ್ಥೆಯಲ್ಲಿ ಬಾಣದ ವೇಗದ ಪಟ್ಟಿಯನ್ನು ನಟ್ಟನಡುವೆ ಇಟ್ಟರೆ ಒಂದು ಎಣಿಕೆಗೆ ಬಾಣ ತೆರೆಯ ಮೇಲೆ ಒಂದು ಪಿಕ್ಸೆಲ್ ಸರಿಯುವುದು. ನಮ್ಮ ತೆರೆಯ ಅಗಲ ೧,೯೨೦ ಪಿಕ್ಸೆಲ್. ಆದುದರಿಂದ ಬಾಣವನ್ನು ಎಡ ಅಂಚಿನಿಂದ ಬಲ ಅಂಚಿಗೆ ಒಯ್ಯಲು ಮೌಸ್ ೧,೯೨೦ ÷ ೮೦೦ = ೨.೪ ಇಂಚು, ಎಂದರೆ ೬೧ ಮಿಲಿಮೀಟರ್ ಚಲಿಸಬೇಕು. ಅಳತೆಗೋಲನ್ನು ಪಕ್ಕದಲ್ಲಿಟ್ಟು ಅಳೆದೆವು.

ಉತ್ತರ ಪ್ರತಿ ಸಲವೂ ಬೇರೆ ಬೇರೆಯಾಗಿ ಬಂದಿತು! ನಿಧಾನವಾಗಿ ಸರಿಸಿದರೆ ೯ ಸೆಂಟಿಮೀಟರ್ ಬೇಕಾಗುತ್ತಿತ್ತು. ಬೇಗ ಸರಿಸಿದರೆ ೪ ಸೆಂಟಿಮೀಟರ್ ಸಾಕಾಗುತ್ತಿತ್ತು. ಕೈಯ ವೇಗಕ್ಕೆ ತಕ್ಕಂತೆ ಉದ್ದ ಬದಲಾಗುವ ಅಳತೆಗೋಲು ಯಾವ ಕೆಲಸಕ್ಕೆ ಬಂದೀತು? ಹುಡುಕಿ ನೋಡಿದಾಗ ತಪ್ಪು ಮೌಸಿನದಾಗಿರಲಿಲ್ಲ. ವಿಂಡೋಸಿನಲ್ಲಿ ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬ ಆಯ್ಕೆಯುಂಟು. ಕೈ ವೇಗವಾಗಿ ಚಲಿಸಿದಾಗ ಬಾಣವನ್ನು ಹೆಚ್ಚು ದೂರಕ್ಕೂ, ನಿಧಾನವಾಗಿ ಚಲಿಸಿದಾಗ ಕಡಿಮೆ ದೂರಕ್ಕೂ ಒಯ್ಯುವುದು ಅದರ ಕೆಲಸ. ಬರೆಹದ ಕೆಲಸಕ್ಕೆ ಅದು ಅನುಕೂಲವೇ. ಆದರೆ ಇಷ್ಟು ಚಲನೆಗೆ ಇಷ್ಟು ತಿರುವು ಎಂದು ಕೈ ಅಭ್ಯಾಸ ಮಾಡಿಕೊಳ್ಳಬೇಕಾದ ಆಟದಲ್ಲಿ ಅದು ತೊಡಕು. ವಿದ್ಯಾರ್ಥಿಯ ಆಟವೂ ಈ ತಿದ್ದಿದ ಚಲನೆಯನ್ನೇ ತೆಗೆದುಕೊಳ್ಳುತ್ತಿತ್ತು. ಮೌಸಿನ ಎಣಿಕೆಗಳನ್ನು ನೇರವಾಗಿ ಓದುವ ‘ರಾ ಇನ್‌ಪುಟ್’ ಎಂಬ ಆಯ್ಕೆಯನ್ನು ಅವನು ಆರಿಸಿರಲಿಲ್ಲ. ಒಂದನ್ನು ತೆಗೆದು, ಇನ್ನೊಂದನ್ನು ಹಾಕಿದೆವು. ಅರ್ಧ ರೋಗ ಒಂದು ಕಾಸಿನ ಖರ್ಚೂ ಇಲ್ಲದೆ ವಾಸಿಯಾಯಿತು.

ಮತ್ತೆ ಹತ್ತು ಸಲ ಅಳೆದೆವು. ಸರಾಸರಿ ೬೪ ಮಿಲಿಮೀಟರ್ ಬಂದಿತು. ಲೆಕ್ಕ ಹಾಕಿದರೆ ಇಂಚಿಗೆ ೭೬೨ ಎಣಿಕೆ. ಡಬ್ಬಿಯ ಮಾತಿಗಿಂತ ನೂರಕ್ಕೆ ೫ರಷ್ಟು ಕಡಿಮೆ. ಇದು ಆತಂಕಪಡಬೇಕಾದ ದೋಷವಲ್ಲ. ಯಾವಾಗಲೂ ಒಂದೇ ಪ್ರಮಾಣದಲ್ಲಿ ಇರುವ ತಪ್ಪಿಗೆ ಕೈ ಒಗ್ಗಿಕೊಳ್ಳುವುದು. ಆಗಾಗ ಬದಲಾಗುವ ತಪ್ಪಿಗೆ ಒಗ್ಗಲಾರದು.

ಇನ್ನು ೬೪೦೦ರ ವಿಷಯ. ಅಳತೆಗೋಲು ಇಲ್ಲಿ ಪ್ರಯೋಜನಕ್ಕೆ ಬಾರದು. ಇಡೀ ತೆರೆಯನ್ನು ದಾಟಲು ೭.೬ ಮಿಲಿಮೀಟರ್ ಸಾಕಾದುದರಿಂದ ಅರ್ಧ ಮಿಲಿಮೀಟರಿನ ತಪ್ಪೂ ದೊಡ್ಡದಾಗುವುದು. ಆದುದರಿಂದ ಬೇರೆ ಉಪಾಯ ಮಾಡಿದೆವು. ವಿಂಡೋಸಿನ ಪೇಂಟ್ ಎಂಬ ಚಿತ್ರ ಬರೆಯುವ ಪ್ರೋಗ್ರಾಮಿನಲ್ಲಿ ಬಾಣ ಎಷ್ಟನೆಯ ಪಿಕ್ಸೆಲಿನಲ್ಲಿದೆ ಎಂಬುದು ಕೆಳಗಡೆ ಕಾಣುತ್ತದೆ. ಮೌಸನ್ನು ಆಮೆಗಿಂತಲೂ ನಿಧಾನವಾಗಿ ಸರಿಸಿ ಆ ಅಂಕಿಯನ್ನು ನೋಡುತ್ತಿದ್ದೆವು. ೧೦೦ರ ಮುಂದೆ ೧೦೧ ಬರಲಿಲ್ಲ. ೧೦೪, ೧೦೮, ೧೧೨ ಹೀಗೆ ಯಾವಾಗಲೂ ನಾಲ್ಕರ ಹೆಜ್ಜೆಯಲ್ಲಿಯೇ ಏರಿತು. ೧೬೦೦ರಲ್ಲಿಟ್ಟಾಗ ಒಂದೊಂದಾಗಿ ಏರಿತು. ಇದರಿಂದ ತಿಳಿದುಬರುವುದೇನೆಂದರೆ, ಈ ಸಂವೇದಕ ನಿಜವಾಗಿ ಕಾಣುವುದು ಇಂಚಿಗೆ ೧೬೦೦ ಎಣಿಕೆಗಳನ್ನಷ್ಟೇ; ೬೪೦೦ ಎಂಬುದು ಅದನ್ನೇ ನಾಲ್ಕರಿಂದ ಗುಣಿಸಿ ಹೇಳಿದ ಸಂಖ್ಯೆ. ಸೆಂಟಿಮೀಟರ್ ಗೆರೆಗಳಷ್ಟೇ ಇರುವ ಕೋಲಿನಿಂದ ಅಳೆದು, ಬಂದ ಉತ್ತರವನ್ನು ಹತ್ತರಿಂದ ಗುಣಿಸಿ, ಮಿಲಿಮೀಟರಿನ ತನಕ ಅಳೆದೆವೆಂದು ಹೇಳಿಕೊಂಡಂತಾಯಿತು.

ಆದರೆ ಇದರಿಂದ ವಿದ್ಯಾರ್ಥಿಗೆ ನಷ್ಟವೇನೂ ಇರಲಿಲ್ಲ. ೧೬೦೦ ಎಣಿಕೆ ಎಂದರೆ ೦.೦೧೬ ಮಿಲಿಮೀಟರಿನ ಸೂಕ್ಷ್ಮತೆ. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅದಕ್ಕಿಂತ ಸೂಕ್ಷ್ಮವಾಗಿ ಕೈಯನ್ನು ಸ್ಥಿರವಾಗಿಡುವವರು ವಿರಳ. ಡಬ್ಬಿಯ ಮೇಲೆ ಅತ್ಯಂತ ದೊಡ್ಡದಾಗಿ ಅಚ್ಚಾದ ಅಂಕಿಯೇ ಆಟಗಾರನಿಗೆ ಅತ್ಯಂತ ಕಡಿಮೆ ಉಪಯೋಗದ್ದು.

ಹೋಗಿ ಬರುವ ಪರೀಕ್ಷೆ

ಈಗ ವೇಗದ ಮಿತಿಯನ್ನು ನೋಡಬೇಕು. ಮೇಜಿನ ಎಡಗಡೆ ಒಂದು ದಪ್ಪ ಪುಸ್ತಕವನ್ನು ಅಲುಗದಂತೆ ಇಟ್ಟು ಮೌಸನ್ನು ಅದಕ್ಕೆ ತಾಗಿಸಿದೆವು. ಆಟದ ಅಭ್ಯಾಸದ ಕೋಣೆಯಲ್ಲಿ ಗೋಡೆಯ ಮೇಲಿನ ಒಂದು ಕಲೆಗೆ ಗುರಿಯ ಚಿಹ್ನೆಯನ್ನು ಹೊಂದಿಸಿದೆವು. ಅನಂತರ ಮೌಸನ್ನು ನಿಧಾನವಾಗಿ ೨೫ ಸೆಂಟಿಮೀಟರ್ ಬಲಕ್ಕೆ ಒಯ್ದು, ಅಲ್ಲಿಂದ ಸರ್ರನೆ ಹಿಂದಕ್ಕೆ ತಂದು ಪುಸ್ತಕಕ್ಕೆ ತಾಗಿಸಿದೆವು. ಮೌಸ್ ಹೊರಟ ಸ್ಥಳಕ್ಕೇ ಬಂದಿರುವುದರಿಂದ ಚಿಹ್ನೆಯೂ ಅದೇ ಕಲೆಯ ಮೇಲೆ ಬಂದು ನಿಲ್ಲಬೇಕು.

ಈ ಪರೀಕ್ಷೆಯ ಸೊಗಸು ಏನೆಂದರೆ, ತಪ್ಪಿದ ದಿಕ್ಕೇ ರೋಗವನ್ನು ಹೇಳುವುದು. ಚಿಹ್ನೆ ಕಲೆಯನ್ನು ದಾಟಿ ಹೋದರೆ ವೇಗದ ಚಲನೆಗೆ ಹೆಚ್ಚು ಎಣಿಕೆ ಸಿಕ್ಕಿದೆಯೆಂದರ್ಥ. ಮೇಲೆ ಹೇಳಿದ ತಿದ್ದುಪಡಿ ಎಲ್ಲಿಯೋ ಉಳಿದುಕೊಂಡಿದೆ. ಚಿಹ್ನೆ ಕಲೆಯನ್ನು ಮುಟ್ಟದೆ ನಡುವೆಯೇ ನಿಂತರೆ ಸಂವೇದಕವು ಸ್ವಲ್ಪ ಹೊತ್ತು ದಾರಿ ಕಾಣದೆ ಎಣಿಕೆಗಳನ್ನು ಕಳೆದುಕೊಂಡಿದೆಯೆಂದರ್ಥ.

ಮೊಬೈಲ್ ಫೋನಿನಲ್ಲಿ ಸೆಕೆಂಡಿಗೆ ೨೪೦ ಚಿತ್ರಗಳ ನಿಧಾನ ಚಲನೆಯ ವೀಡಿಯೊ ತೆಗೆಯುವ ಸೌಲಭ್ಯವಿತ್ತು. ಅದರಿಂದ ಹಿಂದಿರುಗುವ ಕಾಲವನ್ನು ಎಣಿಸಿದೆವು. ಅತಿ ವೇಗದ ಚಲನೆಗೆ ೪೮ ಚಿತ್ರಗಳು, ಎಂದರೆ ೦.೨ ಸೆಕೆಂಡು ಬೇಕಾಯಿತು. ಅರ್ಧ ದಾರಿಯ ತನಕ ವೇಗ ಸಮವಾಗಿ ಏರಿ, ಉಳಿದ ಅರ್ಧದಲ್ಲಿ ಸಮವಾಗಿ ಇಳಿಯಿತೆಂದು ಭಾವಿಸಿದರೆ, ನಡುದಾರಿಯ ವೇಗ ಸರಾಸರಿಯ ಎರಡರಷ್ಟು: ಸೆಕೆಂಡಿಗೆ ೨.೫ ಮೀಟರ್. ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ ೨೫ ಮೀಟರ್, ಎಂದರೆ ಗುರುತ್ವದ ಎರಡೂವರೆಯಷ್ಟು.

ಮೆರುಗೆಣ್ಣೆ ಬಳಿದ ಪ್ರಯೋಗಶಾಲೆಯ ಮೇಜಿನ ಮೇಲೆ, ೦.೩ ಸೆಕೆಂಡಿನಲ್ಲಿ ಹಿಂದಿರುಗಿದಾಗಲೇ ಹತ್ತರಲ್ಲಿ ಏಳು ಸಲ ಚಿಹ್ನೆ ನಡುವೆ ನಿಂತಿತು. ನಯವಾದ ಮೇಲ್ಮೈಯಲ್ಲಿ ನೆರಳು ಬೀಳಿಸುವ ಉಬ್ಬುತಗ್ಗುಗಳು ಕಡಿಮೆ. ತೂತಿನಲ್ಲಿ ನೋಡುವವನಿಗೆ ಗುರುತು ಹಿಡಿಯಲು ಕಲ್ಲುಗಳೇ ಇಲ್ಲದಂತಾಯಿತು. ಪುಸ್ತಕಗಳಿಗೆ ಹೊದಿಕೆ ಹಾಕುವ ಕಂದು ಕಾಗದವನ್ನು ಮೇಜಿಗೆ ಅಂಟಿಸಿ ಮತ್ತೆ ನೋಡಿದೆವು. ೦.೩ ಸೆಕೆಂಡಿನ ಚಲನೆಯಲ್ಲಿ ಒಂದು ಸಲವೂ ತಪ್ಪಲಿಲ್ಲ, ೦.೨ ಸೆಕೆಂಡಿನ ಚಲನೆಯಲ್ಲಿ ಹತ್ತರಲ್ಲಿ ಆರು ಸಲ ತಪ್ಪಿತು. ೦.೩ ಸೆಕೆಂಡಿನ ಚಲನೆಯ ನಡುದಾರಿಯ ವೇಗ ಸುಮಾರು ೧.೭ ಮೀಟರ್. ಆದುದರಿಂದ ಈ ಮೌಸಿನ ಮಿತಿ ಕಂದು ಕಾಗದದ ಮೇಲೆ ಸೆಕೆಂಡಿಗೆ ೧.೭ ಮತ್ತು ೨.೫ ಮೀಟರುಗಳ ನಡುವೆ ಎಲ್ಲಿಯೋ ಇದೆ.

ಹೋಲಿಕೆಗಾಗಿ, ಆಟಕ್ಕೆಂದೇ ಮಾಡಿದ ಕಡಿಮೆ ಬೆಲೆಯ ಮೌಸ್‌ಗಳಲ್ಲಿ ಹೆಸರಾದ, ೨೦೨೦ರಲ್ಲಿ ಬಂದ ಲಾಜಿಟೆಕ್ ಜಿ ೧೦೨ ಲೈಟ್‌ಸಿಂಕ್ ಎಂಬುದರ ಪ್ರಕಟಿತ ವಿವರಗಳನ್ನು ನೋಡಬಹುದು. ಅದರ ವೇಗದ ಮಿತಿ ಸೆಕೆಂಡಿಗೆ ೨೦೦ ಇಂಚು, ಎಂದರೆ ಸುಮಾರು ೫ ಮೀಟರ್; ವೇಗೋತ್ಕರ್ಷದ ಮಿತಿ ಗುರುತ್ವದ ೨೫ರಷ್ಟು. ನಮ್ಮ ಅತಿ ವೇಗದ ಚಲನೆಗೂ ಮೊದಲನೆಯದು ಎರಡರಷ್ಟಿದೆ, ಎರಡನೆಯದು ಹತ್ತರಷ್ಟಿದೆ. ಹೆಚ್ಚು ಬೆಲೆ ಕೊಟ್ಟವರಿಗೆ ದೊರೆಯಬೇಕಾದುದು ಡಿ.ಪಿ.ಐ. ಅಲ್ಲ, ಈ ಅಂತರ.

ಕಾಲದ ಲೆಕ್ಕ

ಮೌಸ್ ತನ್ನ ಎಣಿಕೆಗಳನ್ನು ಕಂಪ್ಯೂಟರಿಗೆ ಕಂತುಕಂತಾಗಿ ಒಪ್ಪಿಸುವುದು. ಸಾಮಾನ್ಯ ಮೌಸ್‌ಗಳು ಸೆಕೆಂಡಿಗೆ ೧೨೫ ಸಲ, ಆಟದ ಮೌಸ್‌ಗಳಲ್ಲಿ ಬಹುಪಾಲು ೧,೦೦೦ ಸಲ ವರದಿ ಮಾಡುವುವು. ಮೊದಲನೆಯದರಲ್ಲಿ ಎರಡು ವರದಿಗಳ ನಡುವೆ ೮ ಮಿಲಿಸೆಕೆಂಡು, ಎರಡನೆಯದರಲ್ಲಿ ೧ ಮಿಲಿಸೆಕೆಂಡು. ಸರಾಸರಿ ಕಾಯುವ ಕಾಲ ಇದರ ಅರ್ಧವಾದುದರಿಂದ ವ್ಯತ್ಯಾಸ ೩.೫ ಮಿಲಿಸೆಕೆಂಡು. ವಿದ್ಯಾರ್ಥಿಗಳು ಬರೆದ ಒಂದು ಚಿಕ್ಕ ಪ್ರೋಗ್ರಾಮಿನಿಂದ ಎಣಿಸಿದಾಗ ನಮ್ಮ ಮೌಸ್ ಮೊದಲನೆಯ ಗುಂಪಿನದೆಂದು ತಿಳಿಯಿತು.

ಇದು ಎಷ್ಟು ದೊಡ್ಡ ಕೊರತೆ? ಗೆಳೆಯನೊಬ್ಬನು ಅಳತೆಗೋಲನ್ನು ನೇರವಾಗಿ ಹಿಡಿದು ಹೇಳದೆ ಕೈಬಿಡಲಿ. ನೀವು ಅದನ್ನು ಎರಡು ಬೆರಳುಗಳಿಂದ ಹಿಡಿಯಿರಿ. ಸಾಮಾನ್ಯವಾಗಿ ಕೋಲು ೨೦ ಸೆಂಟಿಮೀಟರಿನಷ್ಟು ಬಿದ್ದಿರುವುದು. ಅಷ್ಟು ಬೀಳಲು ೦.೨ ಸೆಕೆಂಡು, ಎಂದರೆ ೨೦೦ ಮಿಲಿಸೆಕೆಂಡು ಬೇಕು. ಕಣ್ಣು ಕಂಡುದಕ್ಕೆ ಕೈ ಉತ್ತರಿಸುವ ಕಾಲ ಇದು. ಇದರ ಮುಂದೆ ೩.೫ ಅಲ್ಪವೇ. ಸೆಕೆಂಡಿಗೆ ೬೦ ಸಲ ಚಿತ್ರ ಬದಲಿಸುವ ಸಾಮಾನ್ಯ ತೆರೆಯಲ್ಲಿ ಒಂದು ಚಿತ್ರವೇ ೧೬.೭ ಮಿಲಿಸೆಕೆಂಡು ನಿಲ್ಲುವುದರಿಂದ ಈ ವ್ಯತ್ಯಾಸ ಅಷ್ಟಾಗಿ ಅರಿವಿಗೆ ಬಾರದು. ಆದರೆ ಸೆಕೆಂಡಿಗೆ ೧೪೪ ಸಲ ಬದಲಾಗುವ ತೆರೆಯಿದ್ದರೆ ಮಾತು ಬೇರೆ. ವರದಿಗಳು ೧೨೫ ಮಾತ್ರ ಇರುವುದರಿಂದ ಕೆಲವು ಚಿತ್ರಗಳಿಗೆ ಹೊಸ ವರದಿಯೇ ಇಲ್ಲದೆ ಚಲನೆ ತಡವರಿಸಿದಂತೆ ಕಾಣುವುದು. ನಮ್ಮ ವಿದ್ಯಾರ್ಥಿಯದು ೬೦ರ ತೆರೆ.

ಗುಂಡಿಯೂ ತೂಕವೂ

ಮೌಸಿನ ಗುಂಡಿಯ ಕೆಳಗೆ ಲೋಹದ ಪುಟ್ಟ ಪಟ್ಟಿಯೊಂದು ಇನ್ನೊಂದನ್ನು ಮುಟ್ಟುವುದು. ಮುಟ್ಟಿದ ಕೂಡಲೆ ಅದು ನಿಲ್ಲದು. ನೆಲಕ್ಕೆ ಬಿದ್ದ ನಾಣ್ಯದಂತೆ ಕೆಲವು ಸಲ ಪುಟಿಯುವುದು. ಪುಟಿತಗಳನ್ನು ಬೇರೆ ಬೇರೆ ಒತ್ತುಗಳೆಂದು ತಿಳಿಯದಿರಲೆಂದು ಒಳಗಿನ ವಿದ್ಯುನ್ಮಂಡಲವು ಸ್ವಲ್ಪ ಹೊತ್ತು ಕಾಯುವುದು. ಪಟ್ಟಿ ಸವೆದಂತೆ ಪುಟಿತ ಹೆಚ್ಚಿ, ಒಂದು ಒತ್ತು ಎರಡಾಗಿ ದಾಖಲಾಗುವುದುಂಟು. ಗುಂಡಿಯನ್ನು ಒಂದೊಂದಾಗಿ, ನಿಧಾನವಾಗಿ ೫೦೦ ಸಲ ಒತ್ತಿ, ಒತ್ತುಗಳ ನಡುವಣ ಕಾಲವನ್ನು ದಾಖಲಿಸಿದೆವು. ೩೦ ಮಿಲಿಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಎರಡು ಒತ್ತುಗಳಿದ್ದರೆ ಎರಡನೆಯದು ಬೆರಳಿನದಲ್ಲ. ಅಂತಹದು ಒಂದೂ ಸಿಕ್ಕಲಿಲ್ಲ. ಸಿಕ್ಕಿದ್ದರೆ ಮೌಸನ್ನು ಅಂಗಡಿಗೆ ಹಿಂದಿರುಗಿಸುವಂತೆ ಹೇಳುತ್ತಿದ್ದೆವು. ಈ ದೋಷವನ್ನು ಯಾವ ಅಭ್ಯಾಸವೂ ತಿದ್ದಲಾರದು.

ತಂತಿಯನ್ನು ಎತ್ತಿ ಹಿಡಿದು ತೂಗಿದಾಗ ಮೌಸ್ ೯೬ ಗ್ರಾಂ ಇತ್ತು. ಮೇಲೆ ಹೇಳಿದ ಜಿ ೧೦೨ ತಂತಿಯನ್ನು ಬಿಟ್ಟು ೮೫ ಗ್ರಾಂ. ನಾವು ಕಂಡ ವೇಗೋತ್ಕರ್ಷಕ್ಕೆ ಒಂದಕ್ಕೆ ೨.೪ ನ್ಯೂಟನ್, ಇನ್ನೊಂದಕ್ಕೆ ೨.೧ ನ್ಯೂಟನ್ ಬಲ ಬೇಕು, ಹೆಚ್ಚಿನ ವ್ಯತ್ಯಾಸವಿಲ್ಲ. ಹಲಗೆಯ ಮೇಲೆ ಕಂದು ಕಾಗದ ಹಾಸಿ, ಮೌಸನ್ನಿಟ್ಟು, ಹಲಗೆಯನ್ನು ಮೆಲ್ಲಗೆ ಓರೆ ಮಾಡಿದಾಗ ೧೪ ಡಿಗ್ರಿಯಲ್ಲಿ ಮೌಸ್ ಜಾರಿತು. ಈ ಕೋನದ ಸ್ಪರ್ಶಜ್ಯಾ ೦.೨೫, ಘರ್ಷಣೆಯ ಗುಣಕ ಅದೇ ಎಂಬುದನ್ನು ಪದವಿಪೂರ್ವ ತರಗತಿಯವರು ಬಲ್ಲರು.

ತೀರ್ಪು

ಇಷ್ಟೆಲ್ಲ ಆದ ಮೇಲೆ ವಿದ್ಯಾರ್ಥಿ ಕೇಳಿದನು: “ಹಾಗಾದರೆ ಇದು ಒಳ್ಳೆಯ ಮೌಸೋ, ಕೆಟ್ಟದ್ದೋ, ಸಾರ್?”

ಉಪಕರಣವನ್ನು ಕುರಿತು ಕೇಳಬೇಕಾದ ಪ್ರಶ್ನೆ ಅದಲ್ಲ. ಯಾವ ಮಿತಿಯೊಳಗೆ ಇದನ್ನು ನಂಬಬಹುದು ಎಂದು ಕೇಳಬೇಕು. ಈ ಮೌಸನ್ನು ೧೬೦೦ರ ಮೇಲೆ ಇಡಬಾರದು, ನಯವಾದ ಮೇಜಿನ ಮೇಲೆ ಬಳಸಬಾರದು, ಸೆಕೆಂಡಿಗೆ ೧.೭ ಮೀಟರಿಗಿಂತ ವೇಗವಾಗಿ ಎಳೆಯಬಾರದು. ಕೊನೆಯ ನಿಯಮವನ್ನು ಪಾಲಿಸಲು ಒಂದು ದಾರಿಯಿತ್ತು. ಹಿಂದಕ್ಕೆ ತಿರುಗಲು ಅವನು ಮೌಸನ್ನು ೨೫ ಸೆಂಟಿಮೀಟರ್ ಎಳೆಯುತ್ತಿದ್ದನು. ಆಟದೊಳಗಿನ ಸೂಕ್ಷ್ಮತೆಯನ್ನು ಹೆಚ್ಚಿಸಿ ಅದೇ ತಿರುವಿಗೆ ೧೫ ಸೆಂಟಿಮೀಟರ್ ಸಾಕಾಗುವಂತೆ ಮಾಡಿದೆವು. ಈಗ ೦.೨ ಸೆಕೆಂಡಿನಲ್ಲಿ ತಿರುಗಿದರೂ ನಡುದಾರಿಯ ವೇಗ ೧.೫ ಮೀಟರನ್ನು ಮೀರದು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಕೈಯ ನಡುಕ ಮೊದಲಿನ ಸುಮಾರು ೧.೭ರಷ್ಟು ದೊಡ್ಡದಾಗಿ ಕಾಣುವುದು. ಅದನ್ನು ಅಭ್ಯಾಸದಿಂದ ಸರಿಪಡಿಸಿಕೊಳ್ಳಬೇಕು.

ಅವನು ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೊಸ ಮೌಸನ್ನೂ ಕೊಳ್ಳಲಿಲ್ಲ. ಎರಡು ವಾರಗಳ ಅನಂತರ ತಂಡದಲ್ಲಿ ಕಾಯ್ದಿಟ್ಟ ಆಟಗಾರನಾಗಿ ಆಯ್ಕೆಯಾದನು. ಆಗಲೂ ಅವನ ಗುರಿ ಕೆಲವು ಸಲ ತಪ್ಪುತ್ತಿತ್ತು. ಆದರೆ ಆ ತಪ್ಪುಗಳು ತನ್ನ ಕೈಯವೇ ಎಂದು ಅವನಿಗೆ ಈಗ ಖಚಿತವಾಗಿ ಗೊತ್ತಿತ್ತು. ತನ್ನವೆಂದು ಗೊತ್ತಾದ ತಪ್ಪನ್ನು ತಿದ್ದಿಕೊಳ್ಳಬಹುದು.

ಮುಂದಿನ ಸಲ ನೀವು ಮೌಸನ್ನು ಕೊಂಡು ತಂದಾಗ ಡಬ್ಬಿಯನ್ನು ಕೂಡಲೆ ಎಸೆಯಬೇಡಿ. ಅದರ ಮೇಲಿನ ಅಂಕಿಯನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಪಕ್ಕದಲ್ಲಿ, ನೀವೇ ಅಳೆದ ಅಂಕಿಗೆ ಜಾಗ ಬಿಟ್ಟಿರಲಿ.